ಇಂಟರ್ನೆಟ್‌ಗೆ ಮೀಟರ್ ಲೆಕ್ಕವೋ, ತಿಂಗಳಿಗೆ ಒಂದೇ ರೇಟೋ?

ಕಾಫಿ ಕೊಯ್ಲಿನ ಕೂಲಿ ಕೆಲವು ತೋಟಗಳಲ್ಲಿ ಕೆ.ಜಿ. ಲೆಕ್ಕ, ಕೆಲವು ಕಡೆ ದಿನಗೂಲಿ. ಗಿಡದಲ್ಲಿ ಹಣ್ಣು ಎಷ್ಟಿದೆ ಅಂತ ನೋಡದೆ ಯಾವುದು ಲಾಭ ಅಂತ ಯಾರೂ ಹೇಳುವುದಿಲ್ಲ. ಇಂಟರ್ನೆಟ್ ಬಿಲ್ಲೂ ಹಾಗೆಯೇ. ಬಳಸಿದ ಜಿಬಿಗೆ ತಕ್ಕಂತೆ ದುಡ್ಡು ಕೊಟ್ಟರೆ ಮೀಟರ್ ಲೆಕ್ಕ. ಎಷ್ಟು ಬಳಸಿದರೂ ತಿಂಗಳಿಗೆ ಇಷ್ಟೇ ಅಂದರೆ ಫ್ಲಾಟ್ ರೇಟ್. ಆದರೆ ಕನೆಕ್ಷನ್ ತೆಗೆದುಕೊಳ್ಳುವಾಗ ಸ್ಪೀಡ್ ಎಷ್ಟು ಅಂತ ಕೇಳುತ್ತೇವೆ, ನಮ್ಮ ಬಳಕೆ ಎಷ್ಟು ಅಂತ ನೋಡುವುದೇ ಇಲ್ಲ.

ನಾವೂ ನೋಡಿರಲಿಲ್ಲ. ಮಡಿಕೇರಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ. ಅಗ್ಗ ಅಂತ ಮೀಟರ್ ಪ್ಲಾನ್ ಹಾಕಿಸಿದೆವು. ಡಿಸೆಂಬರ್ ಬಿಲ್ ಬಂದಾಗ ಎದೆ ಧಸಕ್ಕೆಂದಿತು. ಬಂದವರೆಲ್ಲ ಸಿನಿಮಾ ನೋಡಿರಬೇಕು ಅಂದುಕೊಂಡೆ. ಲೆಕ್ಕ ತೆಗೆದರೆ, ಅರ್ಧಕ್ಕಿಂತ ಜಾಸ್ತಿ ಡೇಟಾ ಹೋಗಿದ್ದು ರಜೆಗೆ ಮುಂಚೆ ಹಾಕಿಸಿದ ಎರಡು ಸಿಸಿಟಿವಿ ಕ್ಯಾಮೆರಾಗಳಿಗೆ.

ಮೊದಲು ಅಳೆಯಿರಿ

ರೂಟರ್ ಪುಟದಲ್ಲೋ ಕಂಪನಿಯ ಆ್ಯಪ್‌ನಲ್ಲೋ ದಿನದ ಬಳಕೆ ಸಿಗುತ್ತದೆ. ಒಂದು ತಿಂಗಳು ಬರೆದಿಡಿ. ಶನಿವಾರ, ಭಾನುವಾರದ ಲೆಕ್ಕ ಬೇರೆಯೇ ಇರಲಿ. ಜುಲೈ ಮಳೆಯ ಲೆಕ್ಕ ನೋಡಿ ಡಿಸೆಂಬರ್‌ಗೆ ಪ್ಲಾನ್ ಹಾಕಬೇಡಿ.

ದಿನವಿಡೀ ಓಡುವ ಸಾಧನಗಳನ್ನು ಬೇರೆ ಲೆಕ್ಕ ಹಾಕಿ. 1 ಎಂಬಿಪಿಎಸ್ ವೇಗದಲ್ಲಿ ನಿಲ್ಲದೆ ವಿಡಿಯೊ ಕಳಿಸುವ ಒಂದು ಕ್ಯಾಮೆರಾ ದಿನಕ್ಕೆ 10.8 ಜಿಬಿ ತಿನ್ನುತ್ತದೆ. 30 ದಿನಕ್ಕೆ 324 ಜಿಬಿ. ಅದೇ ವಿಡಿಯೊ ಮನೆಯ ಹಾರ್ಡ್ ಡಿಸ್ಕ್‌ನಲ್ಲೇ ಉಳಿದರೆ ಇಂಟರ್ನೆಟ್ ಖರ್ಚಾಗುವುದಿಲ್ಲ. ನಾವು ಮಾಡಿದ್ದೂ ಅದನ್ನೇ.

ಆಮೇಲೆ ಭಾಗಿಸಿ

ಉದಾಹರಣೆಗೆ, ಫ್ಲಾಟ್ ಪ್ಲಾನ್‌ಗೆ 3,000 ರೂಪಾಯಿ, ಮೀಟರ್ ಪ್ಲಾನ್‌ಗೆ 1,000 ರೂಪಾಯಿ ಬಾಡಿಗೆ, ಮೇಲೆ ಜಿಬಿಗೆ 10 ರೂಪಾಯಿ ಅಂತಿಟ್ಟುಕೊಳ್ಳಿ. ವ್ಯತ್ಯಾಸ 2,000. ಅದನ್ನು 10ರಿಂದ ಭಾಗಿಸಿದರೆ 200 ಜಿಬಿ. ಅದಕ್ಕಿಂತ ಕಡಿಮೆ ಬಳಸುವವರಿಗೆ ಮೀಟರ್ ಲಾಭ, ಜಾಸ್ತಿ ಆದರೆ ಫ್ಲಾಟ್. ಗೋಣಿಕೊಪ್ಪಲಿನ ಕಾಫಿ, ಕರಿಮೆಣಸು ವ್ಯಾಪಾರಿಯ ಆಫೀಸಿನಲ್ಲಿ ಇ-ವೇ ಬಿಲ್, ಮೇಲ್, ಯುಪಿಐ ಬಿಟ್ಟರೆ ಹೆಚ್ಚೇನೂ ಇಲ್ಲದಿದ್ದರೆ ಮೀಟರ್ ಸಾಕು. ಅತಿಥಿಗಳಿಗೆ ವೈ-ಫೈ ಕೊಡುವವರು ಫ್ಲಾಟ್‌ಗೇ ಹೋಗುವುದು ಒಳ್ಳೆಯದು. ಬೇರೆಯವರ ಫೋನಿನ ಮೇಲೆ ನಮಗೆ ಹಿಡಿತ ಇರುವುದಿಲ್ಲ, ಅಲ್ವಾ?

ದರ ಹೋಲಿಸುವಾಗ 18% ಜಿಎಸ್‌ಟಿ ಸೇರಿಸಿ. ಜಿಎಸ್‌ಟಿ ನೋಂದಣಿ ಇಲ್ಲದವರಿಗೆ ಆ ತೆರಿಗೆ ವಾಪಸ್ ಸಿಗುವುದಿಲ್ಲ, ಅದೂ ಖರ್ಚೇ.

ಫ್ಲಾಟ್‌ನಲ್ಲೂ 'ಅನ್‌ಲಿಮಿಟೆಡ್' ಅನ್ನುವ ಪದವನ್ನು ಸುಮ್ನೆ ನಂಬಬೇಡಿ. ಎಷ್ಟೋ ಪ್ಲಾನ್‌ಗಳಿಗೆ ಎಫ್‌ಯುಪಿ ಮಿತಿ, ಅಂದರೆ ಪೂರ್ತಿ ವೇಗದಲ್ಲಿ ಇಷ್ಟೇ ಜಿಬಿ ಅನ್ನುವ ಮಿತಿ, ಇರುತ್ತದೆ. ಅದು ದಾಟಿದರೆ ಬಿಲ್ ಏರುವುದಿಲ್ಲ, ವೇಗ ಇಳಿಯುತ್ತದೆ. ಮಿತಿ ಎಷ್ಟು ಜಿಬಿ, ಆಮೇಲೆ ವೇಗ ಎಷ್ಟು, ಅಪ್‌ಲೋಡ್ ಕೂಡ ಲೆಕ್ಕಕ್ಕೆ ಸೇರುತ್ತದಾ ಅಂತ ಕೇಳಿ.

ದೊಡ್ಡ ರೆಸಾರ್ಟ್‌ಗಳಿಗೆ

ಲೀಸ್ಡ್ ಲೈನ್‌ನಲ್ಲಿ, ಅಂದರೆ ಒಬ್ಬ ಗ್ರಾಹಕರಿಗೇ ಮೀಸಲಾದ ಲೈನ್‌ನಲ್ಲಿ, ಇನ್ನೊಂದು ಬಗೆಯ ಮೀಟರ್ ಇದೆ. ಇದಕ್ಕೆ 95ನೇ ಪರ್ಸೆಂಟೈಲ್ ಅನ್ನುತ್ತಾರೆ. ನಾವು ಎಷ್ಟು ವೇಗ ಬಳಸುತ್ತಿದ್ದೇವೆ ಅಂತ 5 ನಿಮಿಷಕ್ಕೊಮ್ಮೆ ಅಳೆಯುತ್ತಾರೆ. 30 ದಿನಕ್ಕೆ 8,640 ಅಳತೆ. ಅದರಲ್ಲಿ ಅತಿ ಹೆಚ್ಚಿನ 5%, ಅಂದರೆ 36 ಗಂಟೆಯ ಬಳಕೆ, ಬಿಟ್ಟುಬಿಡುತ್ತಾರೆ. ಉಳಿದದ್ದರಲ್ಲಿ ಅತಿ ಹೆಚ್ಚಿನ ವೇಗಕ್ಕೆ ಇಡೀ ತಿಂಗಳ ಬಿಲ್.

ಇದು ನಮ್ಮ ವೀಕೆಂಡ್ ವ್ಯಾಪಾರಕ್ಕೆ ಬಹಳ ಮುಖ್ಯ. ಶುಕ್ರವಾರ, ಶನಿವಾರ ರಾತ್ರಿ 4 ಗಂಟೆಯಂತೆ ನಾಲ್ಕು ವಾರ ಲೈನ್ ತುಂಬಿದರೆ 32 ಗಂಟೆ, ಅಷ್ಟೂ ಬಿಟ್ಟುಹೋಗುತ್ತದೆ. ಅದೇ ತಿಂಗಳಲ್ಲಿ ಐದನೇ ವೀಕೆಂಡ್ ಬಂತು ಅನ್ನಿ, 40 ಗಂಟೆ. ಮಿತಿ ಮೀರಿದ ಆ 4 ಗಂಟೆಯಿಂದ ತಿಂಗಳಿಡೀ ಜಾಸ್ತಿ ರೇಟ್ ಬೀಳುತ್ತದೆ. ಸಹಿ ಹಾಕುವ ಮೊದಲು ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಕೂರಿ.

ಇನ್ನು ಮಳೆಗಾಲ. ಮರ ಬಿದ್ದು ಕೇಬಲ್ ತುಂಡಾದರೆ ಮೀಟರ್‌ನವರಿಗೆ ಕನಿಷ್ಠ ಡೇಟಾದ ಖರ್ಚು ಉಳಿಯುತ್ತದೆ. ಫ್ಲಾಟ್‌ನವರು ಲೈನ್ ಇಲ್ಲದ ದಿನಕ್ಕೂ ಕಟ್ಟಬೇಕಾದೀತು. ಎಷ್ಟು ದಿನ ಲೈನ್ ಸತ್ತರೆ ಎಷ್ಟು ಬಾಡಿಗೆ ಕಡಿತ ಅನ್ನುವುದನ್ನು ಜೂನ್‌ಗೆ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಆಗಸ್ಟ್‌ನಲ್ಲಿ ಕೇಳಲು ಹೊರಟರೆ ಫೋನೂ ಸಿಗುವುದಿಲ್ಲ.