ಸೆಡೂನಾದಿಂದ ನಾರ್ಸ್‌ಮನ್‌ಗೆ ಕಾರಿನಲ್ಲಿ: ಮೂರು ಹಗಲಿನ ಲೆಕ್ಕ

ದಕ್ಷಿಣ ಆಸ್ಟ್ರೇಲಿಯಾದ ಸೆಡೂನಾದಿಂದ ಪಶ್ಚಿಮ ಆಸ್ಟ್ರೇಲಿಯಾದ ನಾರ್ಸ್‌ಮನ್‌ಗೆ ಸುಮಾರು 1,200 ಕಿ.ಮೀ. ಮಧ್ಯೆ ಮರವೇ ಕಾಣದ ನಲ್ಲರ್‌ಬೋರ್ ಬಯಲು. ಏರ್ ಹೆದ್ದಾರಿ ಪೂರ್ತಿ ಡಾಂಬರು ರಸ್ತೆ, ಮಾಮೂಲಿ ಕಾರು ಸಾಕು. ನಮ್ಮ ಹಾಗೆ ಅಲ್ಲೂ ಎಡಗಡೆಯೇ ಓಡಿಸುವುದು.

ಮೊದಲು ಹಗಲಿನ ಲೆಕ್ಕ ಹಾಕಿ. ಮುಸ್ಸಂಜೆ, ಬೆಳಗಿನ ಜಾವ ಕಾಂಗರೂಗಳು ರಸ್ತೆಗೆ ಬರುತ್ತವೆ, ಆಗ ಕಾರು ಓಡಿಸಲೇಬೇಡಿ. ಬಾಡಿಗೆ ಕಾರಾದರೆ ಇನ್ಶೂರೆನ್ಸ್ ಕಾಗದ ಪೂರ್ತಿ ಓದಿ, ರಾತ್ರಿ ಊರಾಚೆ ಪ್ರಾಣಿಗೆ ಗುದ್ದಿದರೆ ದುಡ್ಡು ಕೊಡುವುದಿಲ್ಲ ಎಂಬ ಷರತ್ತು ಎಷ್ಟೋ ಕಡೆ ಇರುತ್ತದೆ. ಗಡಿಯಾರವನ್ನು ನಂಬಿ ಕೂರಬೇಡಿ. ಗಡಿ ದಾಟಿದರೆ ಸಿಗುವ ಪುಟ್ಟ ಊರು ಯೂಕ್ಲಾ ಸುತ್ತಮುತ್ತ ಬೇರೆಯದೇ ಟೈಮು, ಪರ್ತ್‌ಗಿಂತ 45 ನಿಮಿಷ ಮುಂದೆ. ಫೋನು ಪರ್ತ್ ಟೈಮ್ ತೋರಿಸುತ್ತಿದ್ದರೆ ಚಳಿಗಾಲದಲ್ಲಿ ಐದು ಗಂಟೆಗೆಲ್ಲ ಅಲ್ಲಿ ಕತ್ತಲು!

ಮೂರು ದಿನ ಇಟ್ಟುಕೊಳ್ಳಿ. ಮೊದಲ ದಿನ ಯೂಕ್ಲಾ, ಸುಮಾರು 490 ಕಿ.ಮೀ. ಬೆಳಕು ಹರಿದ ಮೇಲೆ ತಡ ಮಾಡದೆ ಹೊರಡಿ, ಯಾಕೆಂದರೆ ದಾರಿಯಲ್ಲಿ ಹೆಡ್ ಆಫ್ ಬೈಟ್ ಎಂಬ ಸಮುದ್ರದಂಚಿನ ಎತ್ತರದ ಜಾಗ ಇದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಮಿಂಗಿಲಗಳು ಮರಿ ಹಾಕಲು ಅಲ್ಲಿಗೆ ಬರುತ್ತವೆ, ಮೇಲೆ ನಿಂತು ಕೆಳಗೆ ನೋಡಿದರೆ ತಾಯಿ ಪಕ್ಕ ಮರಿ ತೇಲುವುದು ಬರಿಗಣ್ಣಿಗೇ ಕಾಣುತ್ತದೆ. ಇದಕ್ಕೆ ಎರಡು ಗಂಟೆ ಕೊಡಿ, ದಯವಿಟ್ಟು ಓಡಬೇಡಿ. ಎರಡನೇ ದಿನ ಕೈಗೂನಾ, ಮೂರನೇ ದಿನ ನಾರ್ಸ್‌ಮನ್. ರಾತ್ರಿ ಉಳಿಯಲು ಹೆದ್ದಾರಿ ಬದಿಯ ರೋಡ್‌ಹೌಸ್‌ಗಳೇ (ಪೆಟ್ರೋಲ್, ಊಟ, ರೂಮು ಒಂದೇ ಕಡೆ ಸಿಗುವ ತಂಗುದಾಣ) ಗತಿ, ರೂಮುಗಳು ಕಡಿಮೆ, ಮುಂಚೆಯೇ ಬುಕ್ ಮಾಡಿ.

ಊಟದ ಡಬ್ಬಿ ಕಟ್ಟುವಾಗ ಹುಷಾರು. ಪಶ್ಚಿಮ ಆಸ್ಟ್ರೇಲಿಯಾದ ಗಡಿಯಲ್ಲಿ ಕಾರು ನಿಲ್ಲಿಸಿ ತಪಾಸಣೆ ಮಾಡುತ್ತಾರೆ. ಹಣ್ಣು, ಹಸಿ ತರಕಾರಿ, ಜೇನುತುಪ್ಪ ಎಲ್ಲ ಅಲ್ಲೇ ಬಿಡಬೇಕು. ನಿಂಬೆಹಣ್ಣು, ಕರಿಬೇವು ಕಟ್ಟಿಕೊಂಡು ಹೋದರೆ ಸುಮ್ನೆ ದಂಡ. ಅಲ್ಲಿನ ರೈತರ ಬೆಳೆಗೆ ಹೊರಗಿನ ಹುಳ, ರೋಗ ತಗುಲಬಾರದು ಎಂದು ಮಾಡಿದ ನಿಯಮ, ಗೌರವ ಕೊಡೋಣ ಅಲ್ವಾ? ವಾಪಸ್ ಬರುವಾಗ ಸೆಡೂನಾದಲ್ಲೂ ಹೀಗೇ ತಪಾಸಣೆ ಇದೆ. ಕುಡಿಯುವ ನೀರು ಮಾತ್ರ ಬೇಕಾದಷ್ಟು ಜಾಸ್ತಿ ಒಯ್ಯಿರಿ, ರೋಡ್‌ಹೌಸ್‌ಗಳಲ್ಲಿ ನೀರಿಗೆ ಬರ.

ದಾರಿಯಲ್ಲಿ ರೋಡ್ ಟ್ರೇನ್‌ಗಳು ಸಿಗುತ್ತವೆ, ಒಂದಕ್ಕೊಂದು ಟ್ರೈಲರ್ ಜೋಡಿಸಿದ 36 ಮೀಟರ್ ಉದ್ದದ ಲಾರಿಗಳು. ಎದುರಿಗೆ ಬಂದಾಗ ಗಾಳಿ ಕಾರನ್ನು ತಳ್ಳುತ್ತದೆ, ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿಯಿರಿ. ಹಿಂದಿಕ್ಕಬೇಕಾದರೆ ಮುಂದಿನ ರಸ್ತೆ ಪೂರ್ತಿ ಖಾಲಿ ಕಾಣುವವರೆಗೆ ಕಾಯಿರಿ. ಪ್ರಾಣಿ ಅಡ್ಡ ಬಂದರೆ ಬ್ರೇಕ್ ಹಾಕಿ, ಸ್ಟಿಯರಿಂಗ್ ಎಳೆಯಬೇಡಿ. ಎಳೆದವರ ಕಾರು ಪಲ್ಟಿಯಾಗುತ್ತದೆ. ಕೆಲವು ಕಡೆ ಹೆದ್ದಾರಿ ಮೇಲೆಯೇ ರನ್‌ವೇ ಗುರುತು ಕಾಣುತ್ತದೆ, ಅದು ಫ್ಲೈಯಿಂಗ್ ಡಾಕ್ಟರ್, ಅಂದರೆ ದೂರದ ಜಾಗಗಳಿಗೆ ವಿಮಾನದಲ್ಲಿ ಬರುವ ವೈದ್ಯಸೇವೆಯ ವಿಮಾನ ಇಳಿಯುವ ಜಾಗ.

ಕೈಗೂನಾದಲ್ಲಿ ಚೆನ್ನಾಗಿ ನಿದ್ದೆ ಮಾಡಿ, ಟ್ಯಾಂಕ್ ತುಂಬಿಸಿ. ಅಲ್ಲಿಂದ ಬಲ್ಲಡೋನಿಯಾ ಕಡೆಗೆ 146.6 ಕಿ.ಮೀ. ಒಂದೂ ತಿರುವಿಲ್ಲದ ರಸ್ತೆ. ಕಣ್ಣು ಮಂಪರಾಗುತ್ತದೆ, ಅರ್ಧದಲ್ಲಿ ಒಮ್ಮೆ ಇಳಿದು ಕಾಲಾಡಿಸಿ. ಬಲ್ಲಡೋನಿಯಾದಲ್ಲಿ ಮತ್ತೆ ಪೆಟ್ರೋಲ್ ಹಾಕಿಸಿ, ರೇಟು ಜಾಸ್ತಿ ಅಂತ ಮುಂದೆ ಹೋಗಬೇಡಿ. ಮುಂದಿನ ಬಂಕ್ ಇರುವುದು 190 ಕಿ.ಮೀ. ಆಚೆ, ನಾರ್ಸ್‌ಮನ್‌ನಲ್ಲೇ.