ತಲೆಕಟ್ಟು ಮಡಚುವ ಕಾರ್ಡು: ಕಾಗುಣಿತ ಬಾಯಿಪಾಠವಿಲ್ಲದೆ ಓದು ಕಲಿಸಿದ ನನ್ನ ಅನುಭವ

ಕಾಗುಣಿತ ಬಾಯಿಪಾಠ ಮಾಡಿಸದೆ ಮಕ್ಕಳಿಗೆ ಕನ್ನಡ ಓದಲು ಬರುವುದಿಲ್ಲ ಎಂದು ನನಗೆ ಹೇಳಿದವರು ಬಹಳ. ಬರುತ್ತದೆ. ಆರು ವರ್ಷದ ಆಸುಪಾಸಿನ ಮಕ್ಕಳು ಹೆಚ್ಚುಕಡಿಮೆ ನಾಲ್ಕೈದು ತಿಂಗಳಲ್ಲಿ, ಹಿಂದೆ ನೋಡದ ಪುಟವನ್ನು ಓದಿ ಅದರಲ್ಲೇನಿದೆ ಎಂದು ಹೇಳುವ ಮಟ್ಟಕ್ಕೆ ಬಂದಿದ್ದಾರೆ. ಅನುಮಾನಪಟ್ಟವರೇ ಈಗ ಕಾರ್ಡು ಕೇಳಿ ಪಡೆಯುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ ಎಂದು ಸುಲಭದ ಅಕ್ಷರಗಳಿಂದ ಹೊರಡುವ ‘ರಗಸದ’ ಕ್ರಮ ನಿಮ್ಮಲ್ಲಿ ಹಲವರಿಗೆ ಗೊತ್ತು. ರ ಗ ಸ ದ ಅ ಬಂದ ಮಗುವಿಗೆ ಸರ, ರಸ, ಅರಸ, ಅಗಸ, ಗರಗಸ ಸಿಗುತ್ತವೆ. ಜ ವ ಮ ಬ ನ ಸೇರಿದರೆ ಮರ, ದನ, ನಗರ, ಅವಸರ, ಬಸವ, ಮದಗಜ. ಇಲ್ಲಿಯವರೆಗೆ ಎಲ್ಲರ ತರಗತಿಯೂ ಸಲೀಸಾಗಿ ಸಾಗುತ್ತದೆ. ಗಾಡಿ ನಿಲ್ಲುವುದು ಕಾಗುಣಿತದಲ್ಲಿ. 34 ವ್ಯಂಜನಕ್ಕೆ 13 ಸ್ವರ ಕೂಡಿಸಿದರೆ ನಾನೂರ ನಲವತ್ತಕ್ಕೂ ಮೇಲೆ ರೂಪಗಳಾಗುತ್ತವೆ. ‘ಕ ಇಳಿ ಕಾ, ಕ ಗುಡಿಸು ಕಿ’ ಎಂದು ರಾಗವಾಗಿ ಒಪ್ಪಿಸುವ ಮಗುವಿನ ಮುಂದೆ ‘ನದಿ’ ಎಂದು ಬರೆದಿಟ್ಟು ನೋಡಿ. ‘ದ ತಲೆಕಟ್ಟು ದ, ದ ಇಳಿ ದಾ, ದ ಗುಡಿಸು ದಿ’ ಎಂದು ಮೆಟ್ಟಿಲಿಳಿದು ‘ದಿ’ ತಲುಪುವಷ್ಟರಲ್ಲಿ ‘ನ’ ಮರೆತಿರುತ್ತದೆ. ಮಗು ದಡ್ಡ ಅಲ್ಲ. ಓದಬೇಕಾದ ಹೊತ್ತಿನಲ್ಲಿ ಅದರ ತಲೆಯನ್ನು ಕಾಗುಣಿತದ ಪಟ್ಟಿ ಆಕ್ರಮಿಸಿದೆ.

ಖರ್ಚಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಆರಂಭದ ಹಣದಲ್ಲಿ ಮುಕ್ಕಾಲು ಪಾಲು ಹೋದದ್ದು ಬಣ್ಣದ ಚಿತ್ರಗಳಿದ್ದ ಚಾರ್ಟುಗಳಿಗೆ. ಅಕ್ಷರದ ಪಕ್ಕ ಚಿತ್ರವಿದ್ದರೆ ಮಗು ಓದುವುದು ಚಿತ್ರವನ್ನು. ಚಿತ್ರದ ಮೇಲೆ ಕೈ ಮುಚ್ಚಿ ಕೇಳಿ, ಹತ್ತರಲ್ಲಿ ಆರೇಳು ಮಕ್ಕಳು ಅಲ್ಲೇ ನಿಲ್ಲುತ್ತಾರೆ. ಉಳಿದ ಹಣ ಲ್ಯಾಮಿನೇಶನ್ನಿಗೆ ಹೋಯಿತು. ದೀಪದ ಕೆಳಗೆ ಅದು ಥಳಥಳ ಹೊಳೆಯುತ್ತದೆ, ಪಕ್ಕದಲ್ಲಿ ಕೂತವರಿಗೆ ಅಕ್ಷರವೇ ಕಾಣುವುದಿಲ್ಲ, ಮೇಲೆ ಪೆನ್ಸಿಲ್ ಹಿಡಿಯುವುದೂ ಇಲ್ಲ. ಈಗಿನ ಪೂರ್ತಿ ಸೆಟ್ಟಿಗೆ ಹಿಡಿಯುವ ಖರ್ಚು ಆ ಚಾರ್ಟುಗಳ ಕಾಲು ಭಾಗವೂ ಇಲ್ಲ.

ಮುಂದಿನದು ಪಾರದರ್ಶಕ ಹಾಳೆ. ‘ದ’ ಕಾರ್ಡಿನ ಮೇಲೆ ಕೆಂಪು ಗುಡಿಸು ಬರೆದ ಹಾಳೆ ಇಟ್ಟರೆ ‘ದಿ’ ಆಗಬೇಕಲ್ಲವೇ? ಆಗುವುದಿಲ್ಲ. ಅಡಿಯಲ್ಲಿ ತಲೆಕಟ್ಟು, ಅಂದರೆ ಅಕ್ಷರದ ನೆತ್ತಿಯ ಗೆರೆ, ಹಾಗೆಯೇ ಉಳಿದಿರುತ್ತದೆ, ಮಗುವಿಗೆ ಎರಡು ತಲೆಯ ಅಕ್ಷರ ಕಾಣುತ್ತದೆ. ನಮ್ಮ ಲಿಪಿಯ ಗುಟ್ಟು ಇಲ್ಲಿದೆ. ಇಳಿ, ಗುಡಿಸು, ಏತ್ವ, ಐತ್ವ, ಓತ್ವ, ಔತ್ವ ಬಂದಾಗ ತಲೆಕಟ್ಟು ಜಾಗ ಬಿಟ್ಟುಕೊಡುತ್ತದೆ. ಕೊಂಬು, ಕೊಂಬಿನ ದೀರ್ಘ, ವಟ್ರಸುಳಿ, ಸೊನ್ನೆ ಬಂದಾಗ ಅಲುಗುವುದಿಲ್ಲ. ಈ ಎರಡು ಗುಂಪನ್ನು ಮಗು ಕಣ್ಣಾರೆ ಕಂಡರೆ ಕಾಗುಣಿತದ ಅರ್ಧ ಕೆಲಸ ಮುಗಿದಂತೆ.

ಹಾಗಾಗಿ ತಲೆಕಟ್ಟನ್ನೇ ಮಡಚುವಂತೆ ಮಾಡಿದೆ. ಆರು ಇಂಚು ಎತ್ತರ, ನಾಲ್ಕು ಇಂಚು ಅಗಲದ ಕಾರ್ಡು. ಕಾಗದ 250ರಿಂದ 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ). ಇದಕ್ಕಿಂತ ತೆಳುವಾದರೆ ಸುರುಳಿ ಸುತ್ತುತ್ತದೆ, ದಪ್ಪವಾದರೆ ಮಡಚಿದ್ದು ಪುಟಿದು ನಿಲ್ಲುತ್ತದೆ. ಮೇಲಿನ ಒಂದೂವರೆ ಇಂಚಿನಲ್ಲಿ ತಲೆಕಟ್ಟು ಮಾತ್ರ, ಕೆಳಗೆ ಅಕ್ಷರದ ಮೈ. ಎರಡರ ನಡುವಿನ ಗೆರೆಯನ್ನು ಮಸಿ ಮುಗಿದ ಬಾಲ್‌ಪೆನ್ನಿನಿಂದ ಅಳತೆಪಟ್ಟಿ ಹಿಡಿದು ಒತ್ತಿ ಗೀರಿ, ಆಮೇಲೆ ಹಿಂದಕ್ಕೆ ಮಡಚಿ. ಗೀರದೆ ಮಡಚಿದರೆ ಓರೆಯಾಗುತ್ತದೆ, ಬಿಚ್ಚಿದಾಗ ತಲೆಯೂ ಮೈಯೂ ಕೂಡುವುದಿಲ್ಲ. ಮಡಿಕೆಯ ಹಿಂಬದಿಗೆ ಬಟ್ಟೆಯ ಟೇಪು ಅಂಟಿಸಬೇಕು, ಇಲ್ಲದಿದ್ದರೆ ಎರಡು ವಾರಕ್ಕೆ ಸೀಳುತ್ತದೆ. ಗುಡಿಸು, ಏತ್ವ ಮುಂತಾದವು ಬೇರೆ ಪಟ್ಟಿಗಳಲ್ಲಿ, ಕೆಂಪು ಮಸಿಯಲ್ಲಿ. ಪಟ್ಟಿಯನ್ನು ಕಾರ್ಡಿನ ಹಿಂದೆ ಹಿಡಿದು ಮೇಲಕ್ಕೆ ಸರಿಸಿ ಕ್ಲಿಪ್ ಹಾಕಿದರೆ ಮುಗಿಯಿತು. ಮಗು ತಲೆಕಟ್ಟನ್ನು ತಾನೇ ಮಡಚಿ, ಗುಡಿಸನ್ನು ತಾನೇ ಎಬ್ಬಿಸಬೇಕು. ನೀವು ಮಾಡಿ ತೋರಿಸುತ್ತ ಕೂತರೆ ಫಲವಿಲ್ಲ.

ಒಂದು ಎಚ್ಚರ. ಖ, ಙ, ಜ, ಞ, ಟ, ಣ, ಬ, ಲ ಇವಕ್ಕೆ ತಲೆಕಟ್ಟೇ ಇಲ್ಲ. ಜಿ, ಬಿ, ಲಿ, ಟಿ ಬರೆಯುವ ಬಗೆಯೂ ಬೇರೆ. ಇವಕ್ಕೆ ಮಡಿಕೆ ಹಾಕಲು ಹೋಗಬೇಡಿ, ಙ, ಞ ಬಿಟ್ಟು ಉಳಿದವಕ್ಕೆ ಬಿಡಿ ಕಾರ್ಡುಗಳನ್ನೇ ಬರೆದಿಡಿ. ಇನ್ನೊಂದು, ‘ವು’ ಮತ್ತು ‘ಮ’. ಕೊಂಬನ್ನು ‘ವ’ಕಾರಕ್ಕೆ ಮೇಲಿನಿಂದ ತಗುಲಿಸಿದರೆ ‘ಮ’ ಆದಂತೆ ಕಾಣುತ್ತದೆ, ಆದರೆ ವು, ಪು ಎರಡಕ್ಕೂ ಕೊಂಬು ಕೆಳಗಿನಿಂದ ಹೊರಡುತ್ತದೆ. ‘ಹೂವು’ ಓದಿ ‘ಹೂಮ’ ಅನ್ನುವ ಮಗುವಿಗೆ ಬೈದು ಪ್ರಯೋಜನವಿಲ್ಲ, ಆ ಕೊಂಬು ಎಲ್ಲಿಂದ ಹೊರಟಿದೆ ಎಂದು ಬೆರಳಿಟ್ಟು ತೋರಿಸಿ.

ಕ್ರಮದಲ್ಲಿ ಇಳಿಯೇ ಮೊದಲು. ಅದಕ್ಕೆ ಜೋಡಿಪದಗಳು: ದನ–ದಾನ, ವರ–ವಾರ, ದರ–ದಾರ, ಮನ–ಮಾನ, ನಗ–ನಾಗ. ಒಂದು ವಾರ ಇವಿಷ್ಟೇ. ಆಮೇಲೆ ಗುಡಿಸು: ನರಿ, ಮರಿ, ಗರಿ, ನದಿ, ದಿನ, ಗಿರಿ. ದೀರ್ಘದ ಗುರುತು ಒಂದೇ ಪಟ್ಟಿ ಸಾಕು. ಕೀ, ಕೇ, ಕೋ ಮೂರಕ್ಕೂ ಅದೇ ಬರುತ್ತದೆ. ಇದನ್ನು ಮಕ್ಕಳೇ ಕಂಡುಹಿಡಿಯಲು ಬಿಡಿ, ಅವರ ಮುಖ ನೋಡಬೇಕು ಆಗ! ಓತ್ವಕ್ಕೆ ಮಾತ್ರ ಅವಸರ ಬೇಡ. ‘ಕೊ’ದಲ್ಲಿ ಏತ್ವವೂ ಇದೆ, ಕೊಂಬಿನ ದೀರ್ಘವೂ ಇದೆ. ‘ಕೂ’ ಗಟ್ಟಿಯಾಗುವ ಮೊದಲು ‘ಕೊ’ ತಂದರೆ ಎರಡೂ ಕಲಸಿಹೋಗುತ್ತವೆ. ಏತ್ವದಿಂದ ಓತ್ವಕ್ಕೆ ದಾಟಿಸಲು ನಾನು ಬಳಸುವ ಪದಪಟ್ಟಿಯೊಂದಿದೆ, ಅದನ್ನು ಇಲ್ಲಿ ಕೊಡುವುದಿಲ್ಲ. ನಿಮ್ಮ ಮಕ್ಕಳ ಮಾತಿನಿಂದಲೇ ಒಂದು ಪಟ್ಟಿ ಕಟ್ಟಿಕೊಳ್ಳಿ, ಅದೇ ಚೆನ್ನಾಗಿ ನಡೆಯುತ್ತದೆ.

ನಡುವೆ ಒಂದೆರಡು ಬೇರೆ ಪ್ರಯೋಗಗಳನ್ನೂ ಮಾಡಿದೆ. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಸುವುದು ಬರಹಕ್ಕೆ ಒಳ್ಳೆಯದು, ಓದಿನ ವೇಗಕ್ಕೆ ಅದರಿಂದ ಏನೂ ಸೇರಲಿಲ್ಲ. ಮಗುವಿನ ಓದನ್ನು ಫೋನಿನಲ್ಲಿ ಧ್ವನಿಮುದ್ರಿಸಿ ಅದಕ್ಕೇ ಕೇಳಿಸುವುದು ಬಹಳ ಫಲ ಕೊಟ್ಟಿತು. ತಪ್ಪನ್ನು ತಾವೇ ಹಿಡಿಯುತ್ತಾರೆ. ಓದಿಸುವ ಪುಟಗಳನ್ನು ಅಚ್ಚು ಹಾಕುವಾಗ ತೆಳುಗೆರೆಯ ಫಾಂಟ್ ಬೇಡ, ಧ, ಭ, ಢ ಅಕ್ಷರಗಳ ಹೊಟ್ಟೆಯ ಸೀಳು ಅದರಲ್ಲಿ ಕಾಣುವುದಿಲ್ಲ. 26–28 ಪಾಯಿಂಟ್ ಇಟ್ಟು, ಸಾಲುಗಳ ಅಂತರ ಎರಡರಷ್ಟು ಕೊಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಮನೆಯವರಿಗೆ ಹೇಳುವುದು ಇಷ್ಟೇ: ದಿನಾ ಹತ್ತು ನಿಮಿಷ. ರಜೆಯ ದಿನ ಒಂದು ಗಂಟೆ ಕೂರಿಸಿದರೆ ಅದು ಇದಕ್ಕೆ ಸಮವಾಗುವುದಿಲ್ಲ. ಮಗು ನಿಂತಾಗ ಮನಸ್ಸಿನಲ್ಲೇ ಐದು ಎಣಿಸಿ. ಆದರೂ ಬರದಿದ್ದರೆ ಪೂರ್ತಿ ಪದ ಹೇಳಿ ಮುಂದೆ ಸಾಗಿ. ‘ಕಾಗುಣಿತ ಹೇಳು ನೋಡೋಣ’ ಅನ್ನಬೇಡಿ. ಹತ್ತು ಪದದಲ್ಲಿ ಎರಡು ತಪ್ಪಿದರೆ ಆ ಪುಸ್ತಕ ಮುಚ್ಚಿ ಸುಲಭದ್ದು ತೆಗೆಯಿರಿ. ವರ್ಣಮಾಲೆಯ ಕ್ರಮ ತಪ್ಪಿಹೋಗುತ್ತದೆ ಎಂದು ಚಿಂತಿಸುವವರಿಗೆ, ಅದನ್ನು ಹಾಡಿನಂತೆ ಬೇರೆಯೇ ಹೇಳಿಸಿ. ನಿಘಂಟು ನೋಡುವ ಕಾಲಕ್ಕೆ ಬೇಕಾಗುತ್ತದೆ.

ಒತ್ತಕ್ಷರ ಅಷ್ಟು ಕಷ್ಟವಲ್ಲ. ಅಮ್ಮ, ಅಪ್ಪ, ಅಕ್ಕ, ಅಣ್ಣ ಎಂದು ಸಜಾತೀಯದಿಂದ ಹೊರಡಿ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲ ಅಕ್ಷರದಂತಿಲ್ಲ, ಅವನ್ನು ಪ್ರತ್ಯೇಕವಾಗಿ ಕಲಿಸಬೇಕು. ಉದ್ದ ಪದಗಳಿಗೆ ಮಡಚುವ ಪಟ್ಟಿ: ಮರ, ಬಿಚ್ಚಿದರೆ ಮರದ, ಇನ್ನೂ ಬಿಚ್ಚಿದರೆ ಮರದಲ್ಲಿ, ಮರದಲ್ಲಿದ್ದ, ಮರದಲ್ಲಿದ್ದವು. ಪ್ರತಿ ಸಲವೂ ಮೊದಲಿನಿಂದ ಓದಿಸಿ. ಅರ್ಕಾವೊತ್ತನ್ನು, ಅಂದರೆ ‘ರ್’ ಸೂಚಿಸುವ ಗುರುತನ್ನು, ಕಟ್ಟಕಡೆಗೆ ಇಟ್ಟುಕೊಳ್ಳಿ: ‘ಸೂರ್ಯ’ದಲ್ಲಿ ಅದನ್ನು ಬರೆಯುವುದು ಆಮೇಲೆ, ಉಚ್ಚರಿಸುವುದು ಮೊದಲು. ಅದರ ಮೇಲೆ ಹಿಂದಕ್ಕೆ ತೋರಿಸುವ ಬಾಣದ ಗುರುತು ಹಾಕಿ ನಾಲ್ಕು ದಿನ ಓದಿಸಿ, ಆಮೇಲೆ ಅಳಿಸಿ. ಙ, ಞ ಕಾರ್ಡುಗಳನ್ನು ನಾನು ಮಾಡಿಯೇ ಇಲ್ಲ. ಜ್ಞಾನ, ವಿಜ್ಞಾನ ಪಾಠದಲ್ಲಿ ಬಂದಾಗ ‘ಜ್ಞ’ವನ್ನು ಇಡಿಯಾಗಿ ತೋರಿಸಿದರೆ ಸಾಕು.