61ನೇ ಸ್ಟ್ರೈನ್ ಜೊತೆ ನಾಲ್ಕು ವರ್ಷ

ಮೊದಲ ಮಳೆಗೆ ಮಣ್ಣಿನಿಂದ ಏಳುತ್ತದಲ್ಲ, ಆ ವಾಸನೆ ನನ್ನ ಇನ್‌ಕ್ಯುಬೇಟರ್ ಬಾಗಿಲು ತೆರೆದಾಗಲೆಲ್ಲ ಬರುತ್ತದೆ. ಜಿಯೋಸ್ಮಿನ್ ಅನ್ನೋ ವಸ್ತುವಿನ ವಾಸನೆ ಅದು. ಮಣ್ಣಿನಲ್ಲಿ ಅದನ್ನು ಮಾಡುವವರಲ್ಲಿ ಮುಖ್ಯವಾದವು ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಎಲ್ಲ ಸಿಕ್ಕಿದ್ದು ಇವುಗಳಲ್ಲೇ. ಆಂಟಿಬಯೋಟಿಕ್ ಮಾತ್ರ ಅಲ್ಲ, ಜಂತುಹುಳುವಿನ ಔಷಧಿ ಅವರ್ಮೆಕ್ಟಿನ್, ಕಿಡ್ನಿ ಕಸಿ ಆದವರಿಗೆ ಕೊಡುವ ರಾಪಾಮೈಸಿನ್ ಕೂಡ ಇದೇ ಕುಲದ್ದು.

ನಾಲ್ಕು ವರ್ಷದ ಹಿಂದೆ ನಾನು ಇವುಗಳಲ್ಲಿ ಹೊಸ ಆಂಟಿಬಯೋಟಿಕ್ ಹುಡುಕುವ ಕೆಲಸಕ್ಕೆ ಇಳಿದಾಗ, ಮಣ್ಣಿನಿಂದ ಒಳ್ಳೆ ಸೂಕ್ಷ್ಮಜೀವಿ ಹುಡುಕುವುದೇ ಕಷ್ಟ, ಆಮೇಲೆ ಎಲ್ಲ ಸಲೀಸು ಅಂದುಕೊಂಡಿದ್ದೆ. ಆಗಿದ್ದು ಪೂರ್ತಿ ಉಲ್ಟಾ.

ಹುಡುಕುವ ಭಾಗವನ್ನು ಬೇಗ ಹೇಳಿಬಿಡುತ್ತೇನೆ. ಮೇಲಿನ ಪದರ ಬಿಟ್ಟು ಐದಾರು ಇಂಚು ಕೆಳಗಿನ ಮಣ್ಣು ತೆಗೆದುಕೊಳ್ಳುತ್ತೇನೆ. ನೆರಳಲ್ಲಿ ವಾರ ಒಣಗಿಸಿ, ಜರಡಿ ಹಿಡಿದು, ಓವನ್‌ನಲ್ಲಿ 100 ಡಿಗ್ರಿಯಲ್ಲಿ ಒಂದು ಗಂಟೆ ಇಡುತ್ತೇನೆ. ಒಣ ಬಿಸಿಗೆ ಮಾಮೂಲಿ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಸಾಯುತ್ತವೆ, ಸ್ಟ್ರೆಪ್ಟೊಮೈಸಿಸ್ ಬೀಜಕಗಳು ತಡೆದುಕೊಳ್ಳುತ್ತವೆ. ಆಮೇಲೆ ನೀರಿನಲ್ಲಿ ಸಾವಿರ, ಹತ್ತು ಸಾವಿರ ಪಟ್ಟು ತೆಳು ಮಾಡಿ ಸ್ಟಾರ್ಚ್ ಕೇಸಿನ್ ಅಗರ್ ಅನ್ನೋ ಜೆಲ್ಲಿಯಂಥ ಆಹಾರದ ಮೇಲೆ ಹರಡುವುದು. ಇದು ಬಡವರ ಊಟದಂಥ ಮಾಧ್ಯಮ. ಗಂಜಿ ಇದೆ, ಸಾರಜನಕ ಕಮ್ಮಿ. ಆತುರದವರಿಗೆ ಇದು ಹಿಡಿಸುವುದಿಲ್ಲ, ನಿಧಾನದವರಿಗೆ ಸಾಕು. ಮೊದಲ ಸಲ ಸೈಕ್ಲೊಹೆಕ್ಸಿಮೈಡ್ ಹಾಕಲು ಮರೆತಿದ್ದೆ. ಮೂರನೇ ದಿನ ನೋಡಿದರೆ ಹನ್ನೆರಡು ಪ್ಲೇಟ್‌ಗಳ ತುಂಬ ಬೂಷ್ಟು, ಒಳ್ಳೆ ಉಣ್ಣೆ ಹೊದಿಸಿದ ಹಾಗೆ. ಶಿಲೀಂಧ್ರ ತಡೆಯಲು ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಅದನ್ನು ಹಾಕಲೇಬೇಕು.

28 ಡಿಗ್ರಿಯಲ್ಲಿ ಇಟ್ಟು ಕಾಯಬೇಕು. ಐದನೇ ದಿನಕ್ಕೆ ಕಾಣುವ ಕಾಲೊನಿಗಳನ್ನು, ಅಂದರೆ ಬ್ಯಾಕ್ಟೀರಿಯಾ ಬೆಳೆದು ಆದ ಚುಕ್ಕೆಗಳನ್ನು, ಎಲ್ಲರೂ ಎತ್ತುತ್ತಾರೆ. ನಾನು ಅವುಗಳಿಗೆ ಪ್ಲೇಟಿನ ಹಿಂಭಾಗದಲ್ಲಿ ಮಾರ್ಕರ್‌ನಿಂದ ಗುಂಡು ಸುತ್ತಿ ಹಾಗೇ ಬಿಡುತ್ತೇನೆ. ಮೂರನೇ ವಾರದಲ್ಲಿ ಗುಂಡು ಇಲ್ಲದ ಕಾಲೊನಿ ಯಾವುದು ಅಂತ ನೋಡಿದರೆ ತಡವಾಗಿ ಬಂದವರು ಸಿಗುತ್ತಾರೆ. 61ನೇ ಸ್ಟ್ರೈನ್, ಅಂದರೆ ನಾನು 61 ಅಂತ ನಂಬರು ಕೊಟ್ಟ ತಳಿ, ಸಿಕ್ಕಿದ್ದು ಹಾಗೇ, ಹದಿನೇಳನೇ ದಿನ. ಬೂದಿ ಬಣ್ಣ, ಸಾಸಿವೆ ಕಾಳಿನಷ್ಟು. ಮಾಮೂಲಿ ಬ್ಯಾಕ್ಟೀರಿಯಾ ಕಾಲೊನಿ ಬೆಣ್ಣೆ ಹಾಗೆ ಲೂಪ್‌ಗೆ (ಎತ್ತಲು ಬಳಸುವ ತಂತಿಯ ಕುಣಿಕೆ) ಅಂಟಿಕೊಂಡು ಬರುತ್ತದೆ. ಇದು ಹಾಗಲ್ಲ, ಗಾಯದ ಮೇಲಿನ ಹಕ್ಕಳೆ ಇದ್ದ ಹಾಗೆ. ಎಳೆಗಳು ಅಗರ್ ಒಳಗೆ ಬೇರು ಬಿಟ್ಟಿರುತ್ತವೆ. ಲೂಪ್ ಬಗ್ಗಿತೇ ಹೊರತು ಅದು ಏಳಲಿಲ್ಲ. ಕೊನೆಗೆ ಸ್ಟೆರೈಲ್ ಮಾಡಿದ ಟೂತ್‌ಪಿಕ್‌ನಿಂದ ಕೆಳಗಿನ ಅಗರ್ ಸಮೇತ ಕಿತ್ತೆ.

ಒಟ್ಟು 140 ಕಾಲೊನಿ ಶುದ್ಧ ಮಾಡಿದೆ. ಪ್ರತಿಯೊಂದನ್ನೂ ಪ್ಲೇಟಿನಲ್ಲಿ ಬೆಳೆಸಿ, ಅಗರ್‌ನಿಂದ ಬಿಲ್ಲೆ ಕೊರೆದು, ಬ್ಯಾಸಿಲಸ್ ಸಬ್ಟಿಲಿಸ್ ಅನ್ನೋ ಬ್ಯಾಕ್ಟೀರಿಯಾ ಹರಡಿದ ಇನ್ನೊಂದು ಪ್ಲೇಟ್ ಮೇಲೆ ಇಟ್ಟೆ. ಮಾರನೇ ದಿನ 31 ಬಿಲ್ಲೆಗಳ ಸುತ್ತ ಬ್ಯಾಸಿಲಸ್ ಬೆಳೆಯದ ಖಾಲಿ ಉಂಗುರ! ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಒಂದು ವಾರದಲ್ಲಿ ಖುಷಿ ಇಳಿಯಿತು. ಬ್ಯಾಸಿಲಸ್ ತುಂಬ ಪಾಪದ್ದು, ಏನು ಕೊಟ್ಟರೂ ಸಾಯುತ್ತದೆ. ಅದೇ ಬಿಲ್ಲೆಗಳನ್ನು ಇ. ಕೋಲೈ ಮೇಲೆ ಇಟ್ಟರೆ ನಾಲ್ಕಕ್ಕೆ ಮಾತ್ರ ಉಂಗುರ, ಯಾಕಂದ್ರೆ ಅದಕ್ಕೆ ಹೊರಗೆ ಇನ್ನೊಂದು ಪೊರೆ ಇದೆ, ಬಹಳಷ್ಟು ಔಷಧಿಗಳನ್ನು ಒಳಗೇ ಬಿಡುವುದಿಲ್ಲ. ಕೆಲವು ಉಂಗುರಗಳು ಬರೀ ಆಮ್ಲದ ಕೆಲಸ. ಸ್ಟ್ರೈನ್ ಬೆಳೆದ ರಸದ ಪಿಎಚ್ ಸರಿ ಮಾಡಿ ನೋಡಿದರೆ ಮಾಯ.

ಆಮೇಲೆ ನಿಜವಾದ ಪೆಟ್ಟು ಬಿತ್ತು. ಅತಿ ದೊಡ್ಡ ಉಂಗುರ ಕೊಟ್ಟ 18ನೇ ಸ್ಟ್ರೈನ್ ಮಾಧ್ಯಮವನ್ನೆಲ್ಲ ಕಿತ್ತಳೆ ಮಿಶ್ರಿತ ಹಳದಿ ಮಾಡುತ್ತಿತ್ತು. ಅದರ ರಸ ಬೆಳಕನ್ನು ಹೀರುತ್ತಿದ್ದದ್ದು 440 ನ್ಯಾನೊಮೀಟರ್ ಹತ್ತಿರ. ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ಅಣುವಿನ ತೂಕ ಸುಮಾರು 1255. ಈ ಎರಡು ಸಂಖ್ಯೆ ಕೇಳಿದರೆ ಹಳಬರು ನಗುತ್ತಾರೆ. ಅದು ಆಕ್ಟಿನೊಮೈಸಿನ್, ಹಳೇ ಆಂಟಿಬಯೋಟಿಕ್. ವಿಜ್ಞಾನಿಗಳಾದ ವಾಕ್ಸ್‌ಮನ್ ಮತ್ತು ವುಡ್ರಫ್ 1940ರಲ್ಲೇ ತೆಗೆದಿಟ್ಟಿದ್ದಾರೆ. ನನ್ನ ಆರು ತಿಂಗಳು ಹೋಯಿತು. ಮಣ್ಣಿನ ಆಕ್ಟಿನೊಮೈಸೀಟ್‌ಗಳಲ್ಲಿ (ಸ್ಟ್ರೆಪ್ಟೊಮೈಸಿಸ್ ಸೇರುವ ಬ್ಯಾಕ್ಟೀರಿಯಾ ಗುಂಪು) ಸುಮಾರು ಹತ್ತರಲ್ಲಿ ಒಂದು ಸ್ಟ್ರೆಪ್ಟೊಥ್ರಿಸಿನ್ ಅನ್ನೋ ಹಳೇ ಆಂಟಿಬಯೋಟಿಕ್ ಮಾಡುತ್ತದೆ, ನೂರರಲ್ಲಿ ಒಂದು ಸ್ಟ್ರೆಪ್ಟೊಮೈಸಿನ್ ಮಾಡುತ್ತದೆ ಅಂತ ಒಂದು ಅಂದಾಜಿದೆ. ಅಂದರೆ ಉಂಗುರ ಕಂಡಿತು ಅಂದರೆ ಹಳೇ ಪರಿಚಯದವರೇ ಇರುವ ಸಾಧ್ಯತೆ ಜಾಸ್ತಿ. ಈಗ ನಾನು ಉಂಗುರ ಕಂಡ ವಾರವೇ ಮಾಸ್ ಸ್ಪೆಕ್ಟ್ರೋಮೀಟರ್‌ಗೆ ಕಳಿಸುತ್ತೇನೆ. ಮೊದಲು ಗುರುತು, ಆಮೇಲೆ ಪ್ರೀತಿ.

ಆರು ಸ್ಟ್ರೈನ್ ಉಳಿದವು. ಅವುಗಳಲ್ಲಿ 61 ನನ್ನ ಗಮನ ಹಿಡಿಯಿತು, ಸ್ಟ್ಯಾಫಿಲೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಮೇಲೆ ಅದರ ಉಂಗುರದ ಅಂಚು ಚಾಕುವಿನಿಂದ ಕೊಯ್ದ ಹಾಗೆ ಇತ್ತು. ಆದರೆ ಪ್ಲೇಟಿನಿಂದ ಫ್ಲಾಸ್ಕ್‌ಗೆ ಹಾಕಿದ ಕೂಡಲೇ ಸೊನ್ನೆ. ಚೆನ್ನಾಗಿ ಬೆಳೆಯಿತು, ಏನೂ ಮಾಡಲಿಲ್ಲ. ಹೊಟ್ಟೆ ತುಂಬಿದ ಸ್ಟ್ರೆಪ್ಟೊಮೈಸಿಸ್ ಸೋಮಾರಿ. ಗ್ಲೂಕೋಸ್, ಫಾಸ್ಫೇಟ್ ಎರಡೂ ಧಾರಾಳ ಇದ್ದರೆ ಎಷ್ಟೋ ಆಂಟಿಬಯೋಟಿಕ್‌ಗಳ ತಯಾರಿ ನಿಲ್ಲುತ್ತದೆ. ಗ್ಲೂಕೋಸ್ ತೆಗೆದು ಪಿಷ್ಟ ಮತ್ತು ಸೋಯಾ ಹಿಟ್ಟು ಹಾಕಿದೆ, ಫಾಸ್ಫೇಟ್ ಇಳಿಸಿದೆ, ಆಮ್ಲ ಏರದ ಹಾಗೆ ಸ್ವಲ್ಪ ಸುಣ್ಣದಕಲ್ಲಿನ ಪುಡಿ. 250 ಮಿಲಿ ಫ್ಲಾಸ್ಕ್‌ನಲ್ಲಿ 50 ಮಿಲಿ ಬದಲು 25 ಮಿಲಿ ಮಾತ್ರ ತುಂಬಿಸಿದೆ, ಗಾಳಿ ಚೆನ್ನಾಗಿ ಆಡಲಿ ಅಂತ. ಒಳಗೆ ಸ್ಟೀಲ್ ಸ್ಪ್ರಿಂಗ್ ಒಂದನ್ನು ಸುತ್ತಿ ಇಟ್ಟೆ. ಇಲ್ಲದಿದ್ದರೆ ಎಳೆಗಳೆಲ್ಲ ಗಂಟುಕಟ್ಟಿ ಸಾಬುದಾನಿ ಹಾಗೆ ಉಂಡೆಯಾಗುತ್ತವೆ, ಉಂಡೆಯ ನಡುವಿಗೆ ಆಮ್ಲಜನಕ ಹೋಗುವುದಿಲ್ಲ. ಐದನೇ ದಿನ ಉಂಗುರ ಬಂತು, 15 ಮಿಲಿಮೀಟರ್.

ಒಂದೇ ಸ್ಟ್ರೈನ್‌ಗೆ ಊಟ ಬದಲಿಸಿದರೆ ಬೇರೆ ಬೇರೆ ವಸ್ತು ಮಾಡುವುದು ಉಂಟು. 2002ರಲ್ಲಿ ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್‌ನ ಪೂರ್ತಿ ಜೀನೋಮ್ ಓದಿದಾಗ ಇಂಥ ವಸ್ತುಗಳನ್ನು ಮಾಡುವ ಜೀನ್ ಗುಂಪುಗಳು ಇಪ್ಪತ್ತಕ್ಕಿಂತ ಹೆಚ್ಚು ಕಂಡವು. ದಶಕಗಟ್ಟಲೆ ಅದನ್ನೇ ಸಾಕಿದವರಿಗೂ ಗೊತ್ತಿದ್ದದ್ದು ಕೆಲವೇ ಕೆಲವು.

ಈಗ ಸುಧಾರಿಸುವ ಕೆಲಸ. ಇಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ಅಳತೆಯ ಜೊತೆ ಜಗಳ.

ಕಾಡಿನಿಂದ ತಂದ ಸೂಕ್ಷ್ಮಜೀವಿ ತನಗೆ ಬೇಕಾದಷ್ಟೇ ಮಾಡುತ್ತದೆ. ಪೆನಿಸಿಲಿನ್ ಕಥೆಯಲ್ಲೂ ಹಾಗೇ. 1943ರಲ್ಲಿ ಅಮೆರಿಕದ ಪಿಯೋರಿಯಾದಲ್ಲಿ ಬೂಷ್ಟು ಹಿಡಿದ ಕರಬೂಜದಲ್ಲಿ ಒಳ್ಳೆ ಸ್ಟ್ರೈನ್ ಸಿಕ್ಕಿತು. ಆದರೆ ಇಳುವರಿ ಏರಿದ್ದು ಅದಕ್ಕೆ ಎಕ್ಸ್‌ರೇ, ಆಮೇಲೆ ಯುವಿ (ನೇರಳಾತೀತ ಬೆಳಕು) ಹೊಡೆದು, ಬದುಕಿದವುಗಳಲ್ಲಿ ಒಳ್ಳೆಯದನ್ನು ಆರಿಸಿ, ಮತ್ತೆ ಹೊಡೆದು, ಮತ್ತೆ ಆರಿಸಿದ್ದರಿಂದ. ನನಗೆ ಎಕ್ಸ್‌ರೇ ಇರಲಿಲ್ಲ, ಯುವಿ ದೀಪ ಇತ್ತು. ಜೀನ್ ಬದಲಿಸಲು ಎನ್‌ಟಿಜಿ ಅನ್ನೋ ರಾಸಾಯನಿಕ ಇನ್ನೂ ಚುರುಕು ಅಂತಾರೆ, ಆದರೆ ಅದು ಕ್ಯಾನ್ಸರ್ ತರುವಂಥದ್ದು. ನಾನು ಮುಟ್ಟಲಿಲ್ಲ.

ಬೀಜಕಗಳನ್ನು ನೀರಿನಲ್ಲಿ ಕಲಸಿ ಹತ್ತಿಯಲ್ಲಿ ಸೋಸಬೇಕು, ಎಳೆಗಳು ಮೇಲೆ ಉಳಿದು ಒಂಟಿ ಬೀಜಕ ಮಾತ್ರ ಇಳಿಯಲಿ ಅಂತ. ಅದನ್ನು ಮುಚ್ಚಳ ತೆಗೆದ ಪ್ಲೇಟಿನಲ್ಲಿ ಮೆಲ್ಲಗೆ ತಿರುಗಿಸುತ್ತಾ 254 ನ್ಯಾನೊಮೀಟರ್ ಬೆಳಕಿಗೆ ಹಿಡಿದೆ. ಇಷ್ಟಿಷ್ಟು ಸೆಕೆಂಡಿಗೆ ಎಷ್ಟು ಸಾಯುತ್ತವೆ ಅಂತ ಮೊದಲು ಗ್ರಾಫ್ ಹಾಕಬೇಕು. ನನಗೆ ಬೇಕಾದದ್ದು ನೂರಕ್ಕೆ 99 ಸಾಯುವ ಹೊತ್ತು. ಅದು ಒಂದು ದಿನ 40 ಸೆಕೆಂಡ್, ಇನ್ನೊಂದು ದಿನ 90. ದೀಪ ಕೆಟ್ಟಿದೆ ಅಂದುಕೊಂಡು ಹೊಸದು ಹಾಕಿದೆ. ಅದೇ ಕಥೆ. ತಪ್ಪು ಕಿಟಕಿಯದ್ದು. ಯುವಿಯಿಂದ ಕೆಟ್ಟ ಡಿಎನ್‌ಎಯನ್ನು ಮಾಮೂಲಿ ಬೆಳಕಿನ ಸಹಾಯದಿಂದ ರಿಪೇರಿ ಮಾಡಿಕೊಳ್ಳುವ ಕಿಣ್ವ ಇವುಗಳಲ್ಲಿದೆ. ಬಿಸಿಲು ಚೆನ್ನಾಗಿದ್ದ ದಿನ ನನ್ನ ಬೀಜಕಗಳು ಬೆಂಚಿನ ಮೇಲೇ ಚಿಕಿತ್ಸೆ ಪಡೆಯುತ್ತಿದ್ದವು. 1949ರಲ್ಲಿ ಆಲ್ಬರ್ಟ್ ಕೆಲ್ನರ್ ಈ ಬೆಳಕಿನ ರಿಪೇರಿಯನ್ನು ಪ್ರಕಟಿಸಿದ್ದೂ ಸ್ಟ್ರೆಪ್ಟೊಮೈಸಿಸ್ ಬೀಜಕಗಳ ಮೇಲೆ ಕೆಲಸ ಮಾಡುತ್ತಿದ್ದಾಗಲೇ. ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಪರದೆ ಎಳೆಯಬೇಕು ಅಂತ ಮಾತ್ರ ಹೊಳೆಯಲಿಲ್ಲ. ಆವತ್ತಿನಿಂದ ಕೆಂಪು ಬಲ್ಬಿನಲ್ಲಿ ಕೆಲಸ, ಪ್ಲೇಟುಗಳಿಗೆ ಅಲ್ಯೂಮಿನಿಯಂ ಹಾಳೆ.

ಬದುಕಿದ ಕಾಲೊನಿಗಳಲ್ಲಿ 300 ಎತ್ತಿ ಒಂದೊಂದನ್ನೂ ಒಂದೊಂದು ಫ್ಲಾಸ್ಕ್‌ನಲ್ಲಿ ಬೆಳೆಸಿದೆ. ಬಹುಪಾಲು ತಾಯಿ ಸ್ಟ್ರೈನ್‌ಗಿಂತ ಕಳಪೆ. ಇದು ಸಹಜ, ಗಡಿಯಾರಕ್ಕೆ ಕಲ್ಲು ಹೊಡೆದರೆ ಅದು ಚೆನ್ನಾಗಿ ಓಡೋದು ಅಪರೂಪ ಅಲ್ವಾ. ಆದರೆ 212ನೇ ಮ್ಯೂಟೆಂಟ್ (ಹೀಗೆ ಜೀನ್ ಬದಲಾದ ಕಾಲೊನಿ) ಉಂಗುರ 15ರಿಂದ 19ಕ್ಕೆ ಹೋಗಿತ್ತು. ನಾಲ್ಕು ಮಿಲಿಮೀಟರ್ ಅಂದರೆ ಏನು ಮಹಾ ಅನ್ನಬೇಡಿ. ಉಂಗುರದ ಅಗಲ ಏರುವುದು ಔಷಧಿಯ ಪ್ರಮಾಣದ ಲಾಗ್ ಲೆಕ್ಕದಲ್ಲಿ. ನನ್ನ ಪ್ಲೇಟಿನಲ್ಲಿ ಪ್ರಮಾಣ ಎರಡು ಪಟ್ಟಾದರೆ ಉಂಗುರ ಎರಡೂವರೆ ಮಿಲಿಮೀಟರ್ ಮಾತ್ರ ದೊಡ್ಡದಾಗುತ್ತಿತ್ತು. ಅಂದರೆ 212 ಮೂರು ಪಟ್ಟು ಮಾಡುತ್ತಿದೆ. ಎಲ್ಲರಿಗೂ ಹೇಳಿದೆ. ಗ್ರಾಫ್ ಮಾಡಿ ತೋರಿಸಿಯೂ ಆಯಿತು.

ಮತ್ತೆ ಮಾಡಿದಾಗ 15. ಮೂರನೇ ಸಲವೂ 15.

ಎರಡು ವಾರ ತಲೆಕೆಟ್ಟಿತು. ಕೊನೆಗೆ ಫ್ಲಾಸ್ಕ್‌ಗಳನ್ನು ಅಲುಗಾಡಿಸುವ ಶೇಕರ್ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. 212ರ ಫ್ಲಾಸ್ಕ್ ಮೊದಲ ಸಲ ಇದ್ದದ್ದು ಹಿಂದಿನ ಬಲಮೂಲೆಯಲ್ಲಿ, ಸರಿಯಾಗಿ ಫ್ಯಾನ್ ಕೆಳಗೆ. ಆ ಮೂಲೆಯಲ್ಲಿ ಬರೀ ನೀರು ತುಂಬಿದ ಫ್ಲಾಸ್ಕ್ ಇಟ್ಟು ತೂಕ ಮಾಡಿದೆ. ಐದು ದಿನಕ್ಕೆ ಹತ್ತಿ ಬಿರಟೆ ಮೂಲಕ ಕಾಲುಭಾಗಕ್ಕಿಂತ ಹೆಚ್ಚು ನೀರು ಆರಿಹೋಗಿತ್ತು. ರಸ ಗಟ್ಟಿಯಾಗಿದೆ, ಮಟ್ಟ ಇಳಿದದ್ದರಿಂದ ಗಾಳಿಯೂ ಜಾಸ್ತಿ ಸಿಕ್ಕಿದೆ. ಮೇಲಿಂದ, ಆ ಪರೀಕ್ಷಾ ಪ್ಲೇಟ್ ಅಗರ್ ಹೆಪ್ಪುಗಟ್ಟುವಾಗ ಬೆಂಚು ಓರೆ ಇತ್ತು. ಅಗರ್ ತೆಳು ಇದ್ದ ಕಡೆ ಉಂಗುರ ದೊಡ್ಡದಾಗಿಯೇ ಕಾಣುತ್ತದೆ. ನಾನು ಹೊಗಳಿದ್ದು ಮ್ಯೂಟೆಂಟನ್ನಲ್ಲ, ಒಂದು ಮೂಲೆಯನ್ನು.

ಅಲ್ಲಿಂದ ನನ್ನ ಕ್ರಮವೇ ಬದಲಾಯಿತು. ಪ್ರತಿ ಟ್ರೇನಲ್ಲಿ ತಾಯಿ ಸ್ಟ್ರೈನ್‌ನ ನಾಲ್ಕು ಫ್ಲಾಸ್ಕ್, ನಾಲ್ಕೂ ಬೇರೆ ಬೇರೆ ಜಾಗದಲ್ಲಿ. ಶುರುವಲ್ಲಿ ಮತ್ತು ಕೊನೆಯಲ್ಲಿ ತೂಕ. ಪ್ಲೇಟ್ ಸುರಿಯುವ ಮೊದಲು ಬೆಂಚಿನ ಮೇಲೆ ರಸಮಟ್ಟ ಇಟ್ಟು ನೋಡುವುದು, ಪ್ರತಿ ಪ್ಲೇಟಿಗೆ ಅಳೆದು 20 ಮಿಲಿ. ಯಾವ ಫ್ಲಾಸ್ಕ್ ಯಾರದ್ದು ಅಂತ ಉಂಗುರ ಅಳೆಯುವವರಿಗೆ ಹೇಳುವುದಿಲ್ಲ, ಅಳೆಯುವವನು ನಾನೇ ಆದರೆ ನಂಬರು ಬೇರೆಯವರು ಬದಲಿಸಿರುತ್ತಾರೆ. ತಾಯಿಯ ನಾಲ್ಕು ಫ್ಲಾಸ್ಕ್‌ಗಳ ನಡುವೆಯೇ ನೂರಕ್ಕೆ 20ರಷ್ಟು ವ್ಯತ್ಯಾಸ ಕಂಡಾಗ ಹಿಂದಿನ ಒಂದು ವರ್ಷದ ನೋಟ್‌ಬುಕ್ಕನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕಿದೆ.

ಹೊಸ ಕ್ರಮದಲ್ಲಿ ಯುವಿಯ ಮೂರು ಸುತ್ತು ಆದವು. ಪ್ರತಿ ಸುತ್ತಿಗೂ ಸಿಕ್ಕಿದ್ದು ನೂರಕ್ಕೆ 15, 20ರ ಸಣ್ಣ ಏರಿಕೆ. ದೊಡ್ಡ ನೆಗೆತ ಬಂದದ್ದು ಬೇರೆ ದಾರಿಯಿಂದ. ಸಾವಿರಾರು ಕಾಲೊನಿ ಅಳೆಯುವ ಬದಲು, ಬೀಜಕಗಳನ್ನು ಸ್ಟ್ರೆಪ್ಟೊಮೈಸಿನ್ ಇರುವ ಪ್ಲೇಟ್ ಮೇಲೆ ಹರಡಿ, ಬದುಕಿದವನ್ನು ಮಾತ್ರ ನೋಡುವುದು. ಈ ಔಷಧಿಗೆ ಬಗ್ಗದ ಮ್ಯೂಟೆಂಟ್‌ಗಳಲ್ಲಿ ಕೆಲವುಗಳ ರೈಬೋಸೋಮ್ (ಜೀವಕೋಶದಲ್ಲಿ ಪ್ರೋಟೀನ್ ಮಾಡುವ ಯಂತ್ರ) ಬದಲಾಗಿರುತ್ತದೆ, ಅದರಿಂದ ಆಂಟಿಬಯೋಟಿಕ್ ತಯಾರಿ ಏರುವುದುಂಟು. ಜಪಾನಿನ ಕೊಜೊ ಓಚಿ ಅವರ ತಂಡ ಇದನ್ನು ಬೆಳೆಸಿತು. ರಿಫಾಂಪಿಸಿನ್ ಅನ್ನೋ ಇನ್ನೊಂದು ಆಂಟಿಬಯೋಟಿಕ್‌ನಿಂದಲೂ ಹೀಗೆ ಮಾಡಬಹುದು. ನನಗೆ 26 ಕಾಲೊನಿ ಸಿಕ್ಕಿದವು. 22 ದಂಡ. ಮೂರು ಪರವಾಗಿಲ್ಲ. ಒಂದು ಮಾತ್ರ ತಾಯಿಗಿಂತ ಎರಡೂವರೆ ಪಟ್ಟು, ಆರು ಸಲ ಮಾಡಿದರೂ ಎರಡೂವರೆ ಪಟ್ಟು. ಈ ಸಲ ಯಾರಿಗೂ ಹೇಳದೆ ಏಳನೇ ಸಲವೂ ಮಾಡಿದೆ.

ಆಮೇಲೆ ಸುಮ್ನೆ ಇರಬಾರದೇ? ಅದನ್ನೇ ಪ್ಲೇಟಿನಿಂದ ಪ್ಲೇಟಿಗೆ ತಿಂಗಳುಗಟ್ಟಲೆ ದಾಟಿಸುತ್ತಾ ಹೋದೆ. ಹತ್ತನೇ ಸಲಕ್ಕೆ ಬೂದಿ ಬಣ್ಣದ ಕಾಲೊನಿಗಳ ನಡುವೆ ಬೋಳು ಕಾಲೊನಿಗಳು ಕಾಣಿಸಿಕೊಂಡವು, ಪುಡಿ ಇಲ್ಲ, ಹೊಳೆಯುವ ಮೇಲ್ಮೈ. ಇಳುವರಿ ಅರ್ಧಕ್ಕೆ ಬಿತ್ತು. ಸ್ಟ್ರೆಪ್ಟೊಮೈಸಿಸ್ ಕ್ರೋಮೋಸೋಮ್ ಉಂಗುರವಲ್ಲ, ಉದ್ದ ದಾರ. ತುದಿಗಳು ಉದುರುವುದು ಮಾಮೂಲು, ಅದರ ಜೊತೆ ಜೀನ್‌ಗಳೂ ಹೋಗುತ್ತವೆ. ಪುಣ್ಯಕ್ಕೆ ಮೊದಲ ದಿನವೇ ಅದರ ಬೀಜಕಗಳನ್ನು ನೂರಕ್ಕೆ 20ರ ಗ್ಲಿಸರಾಲ್‌ನಲ್ಲಿ ಹಾಕಿ ಮೈನಸ್ 80ರಲ್ಲಿ ಇಟ್ಟಿದ್ದೆ. ಹನ್ನೆರಡು ಟ್ಯೂಬ್. ಒಂದನ್ನು ಒಡೆದು ಶುರು ಮಾಡಿದೆ, ಹಳೇ ಇಳುವರಿ ವಾಪಸ್ ಬಂತು. ಈಗ ನಿಯಮ ಹೀಗಿದೆ: ಪ್ರತಿ ಪ್ರಯೋಗಕ್ಕೂ ಟ್ಯೂಬಿನಿಂದಲೇ, ಎರಡನೇ ಪ್ಲೇಟ್ ಆದ ಮೇಲೆ ಕಸದ ಬುಟ್ಟಿಗೆ.

61 ಮಾಡುವ ವಸ್ತು ಪೂರ್ತಿ ಹೊಸದಲ್ಲ. ಗೊತ್ತಿರುವ ಕುಟುಂಬದ ತಮ್ಮ, ಒಂದು ಮೀಥೈಲ್ ಗುಂಪು ಜಾಸ್ತಿ. ಔಷಧಿ ಆಗುವಂಥದ್ದಲ್ಲ, ಪ್ರಾಣಿ ಜೀವಕೋಶಗಳಿಗೂ ವಿಷ. ಬೇಜಾರಾಯಿತಾ ಅಂದರೆ ಹೌದು, ಎರಡು ದಿನ. ಆದರೆ ಅದರ ಅಣುವನ್ನು ಅಲ್ಲಿಲ್ಲಿ ಬದಲಿಸಿ ವಿಷ ಕಮ್ಮಿ ಮಾಡಲು ನೋಡುತ್ತಿರುವ ರಸಾಯನಶಾಸ್ತ್ರದವರಿಗೆ ಈಗ ಗ್ರಾಂ ಲೆಕ್ಕದಲ್ಲಿ ಬೇಕು. ಹಾಗಾಗಿ ಕಳೆದ ತಿಂಗಳು ಮೊದಲ ಸಲ ಐದು ಲೀಟರ್ ಫರ್ಮೆಂಟರ್‌ಗೆ, ಅಂದರೆ ಗಾಳಿ ಊದಿ ಕಲಕುತ್ತಾ ಬೆಳೆಸುವ ದೊಡ್ಡ ಪಾತ್ರೆಗೆ, ಹಾಕಿದೆ. ಮೂರನೇ ದಿನ ನೊರೆ ಎದ್ದು ಗಾಳಿ ಹೊರಹೋಗುವ ಫಿಲ್ಟರ್ ಕಟ್ಟಿಕೊಂಡಿತು. ನೊರೆ ತಡೆಯುವ ಎಣ್ಣೆ ಹಾಕಿದೆ, ನೊರೆ ಕೂತಿತು, ಆದರೆ ಕರಗಿದ ಆಮ್ಲಜನಕವೂ ಇಳಿಯಿತು. ಇಳುವರಿ ಫ್ಲಾಸ್ಕಿನ ಅರ್ಧ. ನಾಳೆ ಎಣ್ಣೆ ಕಮ್ಮಿ ಮಾಡಿ, ಕಲಕುವ ವೇಗ ಏರಿಸಿ ನೋಡಬೇಕು. ಪಕ್ಕದಲ್ಲಿ ನಾಲ್ಕು ಫ್ಲಾಸ್ಕ್ ತಾಯಿ ಸ್ಟ್ರೈನ್ ಅಂತೂ ತಿರುಗುತ್ತಿರುತ್ತದೆ.